ಕಂದಾಯದ ಕಾಯಿ

ನಾನು ವಿಮೆ ಮಾರುವವನು. ಹಾಗೆಂದರೆ ಊರೂರು ಸುತ್ತಿ, ಗುಂಡುಕಲ್ಲಿನಂತಿರುವ ಜನರ ಮುಂದೆ ಕುಳಿತು ಸಾವಿನ ವಿಚಾರ ತೆಗೆದು, ನನ್ನ ಚಿಂತೆಯಲ್ಲಿ ಸ್ವಲ್ಪ ಅವರಿಗೂ ಹಂಚಿ ಬರುವವನು. ಹಂಚಿದಷ್ಟೂ ಅದು ನನ್ನಲ್ಲಿ ಕಡಿಮೆಯಾಗಿದ್ದಿಲ್ಲ. ಮಳೆ ಬಂದರೆ ಸಿಡಿಲಿನ ಚಿಂತೆ, ಬಾರದಿದ್ದರೆ ಬೋರ್‌ವೆಲ್ಲಿನ ಚಿಂತೆ, ಎರಡೂ ಸರಿಯಿದ್ದರೆ ಏನೋ ಮರೆತಿದ್ದೇನೆಂಬ ಚಿಂತೆ. ಈ ಯುಗಾದಿಗೆ ಅದರ ಮೇಲೆ ಇನ್ನೊಂದು ಹೊರೆ ಬಿತ್ತು. ಮದುವೆಯಾದ ಮೇಲೆ ಮಗಳು ಮತ್ತು ಅಳಿಯ ಮೊದಲ ಹಬ್ಬಕ್ಕೆ ನಮ್ಮ ಮನೆಗೆ ಬರುವವರಿದ್ದರು.

ಅಳಿಯ ಮೈಸೂರಿನವರು. ಅಪ್ಪನ ಜೊತೆ ಮೆಡಿಕಲ್ ಸ್ಟೋರ್ ನೋಡಿಕೊಳ್ಳುತ್ತಾರೆ. ಮೆತ್ತಗೆ ಮಾತಾಡುವ, ಯಾವ ವಸ್ತು ಕೈಗೆ ಬಂದರೂ ಮೊದಲು ಹಿಂದೆ ತಿರುಗಿಸಿ ಅದರ ಆಯಸ್ಸು ಎಲ್ಲಿಯವರೆಗೆ ಎಂದು ನೋಡುವ ಮನುಷ್ಯ. ಅವರ ಬಗ್ಗೆ ನನಗೆ ಭಯವಿರಲಿಲ್ಲ. ಭಯವಿದ್ದದ್ದು ಅವರ ತಾಯಿಯ ಬಗ್ಗೆ. ಆಕೆ ಜಗಳಗಂಟಿಯಲ್ಲ, ಅದೇ ತೊಂದರೆ. ಮದುವೆಗೆ ನಾವು ಕಳಿಸಿದ ಬಾಳೆಗೊನೆ ಸ್ವಲ್ಪ ಹೆಚ್ಚೇ ಹಣ್ಣಾಗಿತ್ತು. ಅದರ ಬಗ್ಗೆ ನನ್ನ ಹೆಂಡತಿ ಫೋನಿನಲ್ಲಿ ವಿಚಾರಿಸಿದಾಗ ಮಗಳು ಹೇಳಿದ್ದು ಇಷ್ಟು: "ಅತ್ತೆ ಏನೂ ಅನ್ನಲ್ಲಮ್ಮ. ನಮ್ಮನೆಯಿಂದ ಬಂದಿದ್ದನ್ನ ಒಂದ್ಸಲ ನೋಡ್ತಾರೆ, ಎತ್ತಿಡ್ತಾರೆ, ಅಷ್ಟೇ."

ಆ 'ಅಷ್ಟೇ' ನನ್ನ ಎದೆಯಲ್ಲಿ ಕೂತುಬಿಟ್ಟಿತು. ನಮ್ಮ ಮನೆಯಿಂದ ಹೋದ ಯಾವ ಚೀಲವಾದರೂ ಆಕೆಯ ಅಡುಗೆಮನೆಯಲ್ಲಿ ಬಿಚ್ಚಿಕೊಳ್ಳುತ್ತದೆ, ಬಿಚ್ಚುವಾಗ ಪಕ್ಕದಲ್ಲಿ ನನ್ನ ಮಗಳು ನಿಂತಿರುತ್ತಾಳೆ. ಈ ಸಲ ಹೋಗುವ ಚೀಲದಲ್ಲಿ ಮಗಳು ತಲೆ ತಗ್ಗಿಸುವಂಥದ್ದು ಏನೂ ಇರಬಾರದು ಎಂದು ಹಬ್ಬಕ್ಕೆ ಮುಂಚೆಯೇ ತೀರ್ಮಾನ ಮಾಡಿಕೊಂಡಿದ್ದೆ.

ನಮ್ಮದು ಕಂದಿಕೆರೆ ಕಡೆ ಹಳ್ಳಿ. ಹಬ್ಬದ ಮಾರನೆಯ ದಿನ ವರ್ಷದ ತೊಡಕು. ಅಂದು ಬಾಡೂಟ, ಊಟವಾದ ಮೇಲೆ ಇಸ್ಪೀಟು. ಆ ದಿನ ಮಾಡಿದ್ದು ವರ್ಷವಿಡೀ ನಡೆಯುತ್ತದೆಂದು ನಂಬಿಕೆ. ಆದ್ದರಿಂದ ಅಂದು ಜಗಳವಾಡಬಾರದು, ಅಳಬಾರದು, ಆಟದಲ್ಲಿ ಗೆದ್ದದ್ದನ್ನು ಬಿಟ್ಟು ಹೋಗಬಾರದು. ಗೆದ್ದವರು ಅದನ್ನು ಮನೆಗೆ ಒಯ್ಯಲೇಬೇಕು. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದಲೂ ದುಡ್ಡು ಕಟ್ಟುವುದಿಲ್ಲ, ಹುಣಸೆ ಬೀಜ ಕಟ್ಟುತ್ತೇವೆ. ಒಯ್ಯುವುದು ಸುಲಭ.

ಈ ಸಲ ನಡುಮನೆಯಲ್ಲಿ ಚಾಪೆ ಹಾಸಿ ನಾನು, ನನ್ನ ಹೆಂಡತಿ, ಪಕ್ಕದ ಮನೆಯಲ್ಲೇ ಇರುವ ನನ್ನ ತಮ್ಮ, ಅಳಿಯ, ನಾಲ್ಕು ಜನ ಕುಳಿತೆವು. ಮಗಳು ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದಳು. ನಮ್ಮ ಮೂರೆಲೆ ಆಟ ಎರಡು ಸುತ್ತು ನಡೆಯುವಷ್ಟರಲ್ಲಿ ಅಳಿಯ ಸಂಕೋಚದಿಂದ, "ಪೋಕರ್ ಹೇಳ್ಕೊಡ್ಲಾ ಮಾವ? ಇಷ್ಟೇ ಎಲೆ ಸಾಕು," ಎಂದರು. ಅಳಿಯ ಕೇಳಿದರೆ ಇಲ್ಲವೆನ್ನುವುದುಂಟೆ. ಆದರೆ ಹುಣಸೆ ಬೀಜ ನೋಡಿ ಅವರಿಗೆ ಸಮಾಧಾನವಾಗಲಿಲ್ಲ.

"ಇದು ಹೋದ್ರೆ ಯಾರಿಗೂ ಏನೂ ಅನ್ಸಲ್ಲ. ಹೋದ್ರೆ ಒಂಚೂರು ಹೊಟ್ಟೆ ಉರಿಯೋ ಅಂಥದ್ದು ಇರ್ಬೇಕು, ಆಗ್ಲೇ ಆಟ."

ತಮ್ಮ ಮೂಲೆ ಕಡೆ ಕೈ ತೋರಿಸಿದ. "ಹಂಗಾರೆ ಕಾಯಿ ಇಟ್ಟಾಡನ ಬುಡಿ ಅಳಿಯಂದ್ರೆ. ನಮ್ಮಣ್ಣಂಗೆ ಒಂದು ಕಾಯಿ ಹೋದ್ರೂ ಜರ ಬತ್ತದೆ."

ಮೂಲೆಯಲ್ಲಿ ಕೊಬ್ಬರಿ ಕಾಯಿಯ ರಾಶಿಯಿತ್ತು. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿದ ಕಾಯಿ. ಮೇಲಿನ ಮಟ್ಟೆ ಸುಲಿದಾಗಿತ್ತು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವವರು ಹಬ್ಬ ಮುಗಿಸಿಕೊಂಡು ಬರುತ್ತೇವೆಂದು ಹೇಳಿ ಹೋಗಿದ್ದರು. ತಮ್ಮ ಎದ್ದು ಒಬ್ಬೊಬ್ಬರ ಮುಂದೆ ಒಂದೊಂದು ಬುಟ್ಟಿ ಕಾಯಿ ಸುರಿದ. ಇಸ್ಪೀಟಾಡುವ ಜಾಗ ಸಂತೆಯಂತಾಯಿತು.

ಅಳಿಯ ಆಟ ವಿವರಿಸಿದರು. ಎಲ್ಲರಿಗೂ ಕೈಗೆ ಎರಡೆರಡು ಎಲೆ. ಆಮೇಲೆ ನಡುವೆ ಐದು ಎಲೆ, ಅವು ಎಲ್ಲರಿಗೂ ಸೇರಿದ್ದು, ಒಮ್ಮೆಗೇ ಅಲ್ಲ, ಬಿಟ್ಟು ಬಿಟ್ಟು ತೆರೆಯುವುದು. ಕೈಯಲ್ಲಿದ್ದದ್ದನ್ನೂ ನಡುವೆ ಇದ್ದದ್ದನ್ನೂ ಕೂಡಿಸಿ ಯಾರಿಗೆ ಒಳ್ಳೆಯ ಜೋಡಣೆ ಆಗುತ್ತದೋ ಅವರು ಗೆದ್ದರು. ಪ್ರತಿ ಸಲ ಎಲೆ ತೆರೆದಾಗಲೂ ಮೇಲೆ ಕಟ್ಟಬಹುದು, ಬೇಡವೆಂದರೆ ಎಲೆ ಮುಚ್ಚಿಟ್ಟು ಕೂರಬಹುದು. ಇಷ್ಟು ಕೇಳಿ ನನಗೆ ಹಾಯೆನಿಸಿತು. ಮುಚ್ಚಿಟ್ಟು ಕೂರುವುದು ನನಗೆ ಬರುತ್ತದೆ.

"ಆದ್ರೆ ಇಬ್ಬರಿಗೆ ಮಾತ್ರ ಬಲವಂತ," ಎಂದರು ಅಳಿಯ. "ಎಲೆ ಹಂಚೋರ ಎಡಗಡೆ ಇರೋರು ಒಂದು ಹಾಕ್ಬೇಕು, ಅವರ ಪಕ್ಕದೋರು ಎರಡು. ಎಲೆ ಮುಖ ನೋಡೋಕ್ ಮುಂಚೆನೇ. ಇದಕ್ಕೆ ಸ್ಮಾಲ್ ಬ್ಲೈಂಡು, ಬಿಗ್ ಬ್ಲೈಂಡು ಅಂತಾರೆ. ಮುಂದಿನ ಆಟಕ್ಕೆ ಒಂದೊಂದು ಜಾಗ ಮುಂದೆ ಹೋಗುತ್ತೆ. ಹಂಗೆ ಎಲ್ಲರ ಸರದೀನೂ ಬರುತ್ತೆ."

"ಬ್ಲೈಂಡು ಗೊತ್ತು ಬುಡಿ," ಎಂದ ತಮ್ಮ. "ನಮ್ಮ ಮೂರೆಲೇಲೂ ಆಡ್ತೀವಲ್ಲ, ಎಲೆ ನೋಡ್ದಂಗೆ."

"ಅದು ಧೈರ್ಯ ಇದ್ರೆ ಆಡೋದು ಚಿಕ್ಕಮಾವ. ಇದು ಧೈರ್ಯ ಇಲ್ದಿದ್ರೂ ಹಾಕ್ಬೇಕಾದ್ದು."

"ಹಂಗಂದ್ರೆ ಕಂದಾಯ ಅನ್ನಿ."

ಆ ಹೆಸರೇ ನಿಂತಿತು. ಸಣ್ಣ ಕಂದಾಯ, ದೊಡ್ಡ ಕಂದಾಯ. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ಕೈಗೆ ಏನು ಬರುತ್ತದೆಂದು ಗೊತ್ತಾಗುವ ಮೊದಲೇ ಗಂಟು ಬಿಚ್ಚಬೇಕೆಂಬುದು ಯಾವ ನ್ಯಾಯ ಎಂದು ಕೇಳಿದೆ.

"ಅದಿಲ್ಲಾಂದ್ರೆ ಆಟಾನೇ ನಡೆಯಲ್ಲ ಮಾವ. ಒಳ್ಳೆ ಎಲೆ ಬರ್ಲಿ ಅಂತ ಎಲ್ರೂ ಮುಚ್ಚಿಟ್ಟು ಕೂತೇ ಇರ್ತಾರೆ. ನಡುವೆ ಗೆಲ್ಲೋಕೆ ಏನಾದ್ರೂ ಬಿದ್ದಿದ್ರೆ ತಾನೆ ಯಾರಾದ್ರೂ ಕೈ ಹಾಕೋದು."

"ರೀ, ನಿಮ್ಮಂಥೋರ್ಗೆ ಅಂತ್ಲೇ ಈ ಕಾನೂನು ಮಾಡವ್ರೆ ಕಣ್ರೀ," ಎಂದಳು ನನ್ನ ಹೆಂಡತಿ.

ಮೊದಲ ಆಟಕ್ಕೆ ಎಲೆ ಹಂಚಿದ್ದು ತಮ್ಮ. ಅವನ ಎಡಕ್ಕೆ ನಾನು. ಸಣ್ಣ ಕಂದಾಯ ನನ್ನದು. ಇಲ್ಲಿಂದ ಮುಂದಿನದನ್ನು ಬರೆಯುವಾಗ ಕೈ ಸ್ವಲ್ಪ ಹಿಂದೇಟು ಹಾಕುತ್ತದೆ.

ತೆಂಗಿನ ಸೀಮೆಯಲ್ಲಿ ಹುಟ್ಟಿದವರ ಕೈಗೆ ಒಣಗಿದ ಕಾಯಿ ಸಿಕ್ಕಿದರೆ ಅದು ನೆಟ್ಟಗೆ ಕಿವಿಯ ಹತ್ತಿರ ಹೋಗುತ್ತದೆ. ಅಲ್ಲಾಡಿಸುತ್ತೇವೆ. ಕೊಬ್ಬರಿ ಚೆನ್ನಾಗಿ ಒಣಗಿ ಚಿಪ್ಪು ಬಿಟ್ಟಿದ್ದರೆ ಒಳಗೆ ಉಂಡೆ ಗಡಗಡ ಉರುಳುತ್ತದೆ. ನೀರು ಉಳಿದಿದ್ದರೆ ಲೊಳಲೊಳ ಅನ್ನುತ್ತದೆ. ಇಷ್ಟು ಕಾಲವಾದರೂ ಆರದ ನೀರೆಂದರೆ ಒಳಗೆ ಕೊಳೆತಿದೆ ಎಂದೇ ಅರ್ಥ. ಏನೂ ಸದ್ದಿಲ್ಲದಿದ್ದರೆ ಅದೂ ಕೆಟ್ಟದ್ದೇ, ಚಿಪ್ಪಿಗೆ ಅಂಟಿಕೊಂಡು ಕಪ್ಪಾಗಿರುತ್ತದೆ. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ. ತೊಟ್ಟಿಲಿಂದ ಕೇಳಿದ ಸದ್ದು.

ನನ್ನ ಕೈ ಒಂದು ಕಾಯಿ ಎತ್ತಿ ಅಲ್ಲಾಡಿಸಿತು. ಗಡಗಡ ಎಂದಿತು. ಕೆಳಗಿಟ್ಟೆ. ಇನ್ನೊಂದು ಎತ್ತಿದೆ. ಸದ್ದಿಲ್ಲ. ಅದನ್ನು ನಡುವೆ ಇಟ್ಟೆ. ಅಷ್ಟೇ. ಮೋಸ ಮಾಡಬೇಕೆಂದು ಯೋಚಿಸಲಿಲ್ಲ. ಅಷ್ಟೆಲ್ಲ ಯೋಚಿಸಿದ್ದರೆ ಹೆದರಿ ಒಳ್ಳೆಯದನ್ನೇ ಹಾಕಿರುತ್ತಿದ್ದೆ. ಹೇಗೂ ಬಲವಂತದ್ದು, ಅದಕ್ಕೆ ಇದು ಸಾಕು ಎಂದು ಕೈಯೇ ತೀರ್ಮಾನ ಮಾಡಿತ್ತು.

ನನ್ನ ಪಕ್ಕದಲ್ಲಿದ್ದ ಹೆಂಡತಿ ನೋಡಿದಳು. ದೊಡ್ಡ ಕಂದಾಯಕ್ಕೆ ಎರಡು ಕಾಯಿ ಆರಿಸಿ ಇಟ್ಟಳು. ಎರಡೂ ಲೊಳಲೊಳ.

ತಮ್ಮನ ಸರದಿ ಬರುವಷ್ಟರಲ್ಲಿ ಅವನಿಗೂ ಹೇಳಬೇಕಾಗಿರಲಿಲ್ಲ. ಒಂದು ಮಾತಿಲ್ಲದೆ, ಒಂದು ಕಣ್ಸನ್ನೆಯಿಲ್ಲದೆ, ಮೂವರೂ ಒಂದಾಗಿಬಿಟ್ಟೆವು. ಆಸ್ತಿ ಭಾಗ ಮಾಡಿಕೊಳ್ಳುವಾಗ ನನಗೂ ತಮ್ಮನಿಗೂ ಇಷ್ಟು ಒಮ್ಮತ ಇರಲಿಲ್ಲ. ಅಳಿಯ ಮಾತ್ರ ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದರು. ಅವರ ಪಾಲಿಗೆ ಕಾಯಿ ಎಂದರೆ ಕಾಯಿ. ಅದರ ಬೆನ್ನ ಮೇಲೆ ಏನೂ ಮುದ್ರಿಸಿರುವುದಿಲ್ಲವಲ್ಲ.

ಆಟ ಅವರಿಗೆ ಬರುತ್ತಿತ್ತು, ನಮಗೆ ಬರುತ್ತಿರಲಿಲ್ಲ. ಹಾಗಾಗಿ ಅವರು ಗೆಲ್ಲುತ್ತಾ ಹೋದರು. ನಾನು ಕಂದಾಯ ಕಟ್ಟಿ, ಎಲೆ ನೋಡಿ, ಬೆವರಿ, ಮುಚ್ಚಿಡುತ್ತಿದ್ದೆ. ತಮ್ಮ ಮೇಲಕ್ಕೆ ಕಟ್ಟುತ್ತಿದ್ದ, ಆದರೆ ಕೆಟ್ಟ ಕಾಯಿ ಮುಗಿದೊಡನೆ ಎಲೆ ಮುಚ್ಚುತ್ತಿದ್ದ. ನಡುವಿನ ರಾಶಿಯನ್ನು ಅಳಿಯ ಎರಡೂ ತೋಳಿನಿಂದ ತಬ್ಬಿ ತಮ್ಮ ಕಡೆ ಎಳೆದುಕೊಳ್ಳುವಾಗ ಹುಡುಗನಂತೆ ನಗುತ್ತಿದ್ದರು. "ಏನ್ ಅಳಿಯಂದ್ರೆ, ಲಾರಿ ತರ್ಸನಾ?" ಎಂದ ತಮ್ಮ. ಅವರು ನಾಚಿಕೊಂಡರು. ಆಟ ಅವರು ಗೆಲ್ಲುತ್ತಿದ್ದರು, ಕೊಬ್ಬರಿ ನಮ್ಮಲ್ಲೇ ಉಳಿಯುತ್ತಿತ್ತು.

ಈ ರಾಶಿ ತೊಡಕಿನ ಗೆಲುವು, ಮೈಸೂರಿಗೆ ಹೋಗಲೇಬೇಕು ಎಂಬುದು ನನಗೆ ಹೊಳೆದದ್ದು ಮಗಳು ಬಂದು ಗಂಡನ ಹಿಂದೆ ಕುಳಿತಾಗ. ಕೂರಲು ಜಾಗ ಮಾಡಿಕೊಳ್ಳಲೆಂದು ಅವಳು ಒಂದು ಕಾಯಿಯನ್ನು ಪಕ್ಕಕ್ಕೆ ಸರಿಸಿದಳು. ಕೈ ನಿಂತಿತು. ಇನ್ನೊಂದು ಎತ್ತಿದಳು, ಕಿವಿಯವರೆಗೂ ಒಯ್ಯದೆ ಮಡಿಲಲ್ಲೇ ಅಲುಗಿಸಿದಳು. ಮತ್ತೊಂದು. ಆಮೇಲೆ ತಲೆ ಎತ್ತಿ ತಾಯಿಯನ್ನು ನೋಡಿದಳು, ತಾಯಿ ಎಲೆ ನೋಡಿಕೊಂಡಳು. ನನ್ನನ್ನು ನೋಡಿದಳು, ನಾನು ಗಡಿಯಾರ ನೋಡಿದೆ.

ಆಗ ಸಣ್ಣ ಕಂದಾಯ ಅಳಿಯನದು. ಅವರು ಕೈಗೆ ಸಿಕ್ಕ ಕಾಯಿ ಎತ್ತಿಕೊಂಡಿದ್ದರು. ಮಗಳು ಅದನ್ನು ತೆಗೆದುಕೊಂಡು, ರಾಶಿ ಕೆದಕಿ, ಬೇರೊಂದು ಹುಡುಕಿ, ನಮ್ಮೆಲ್ಲರಿಗೂ ಕೇಳುವಂತೆ ಗಡಗಡ ಅಲ್ಲಾಡಿಸಿ ನಡುವೆ ಇಟ್ಟಳು.

"ಯಾವ್ದಾದ್ರೇನು?" ಎಂದರು ಅಳಿಯ.

"ಇರ್ಲಿ ಬುಡಿ."

ತಮ್ಮ ತನ್ನ ದೊಡ್ಡ ಕಂದಾಯಕ್ಕೆ ಎಂದಿನ ಎರಡು ಮೂಕ ಕಾಯಿ ಇಟ್ಟು, "ಏನವ್ವ, ಗಂಡನ್ ಸೊತ್ತೆಲ್ಲ ಕರಗಿಸ್ತಿದೀಯ?" ಎಂದ.

"ಕಂದಾಯ ಅಲ್ವಾ ಚಿಕ್ಕಪ್ಪ," ಎಂದಳು. "ಕಟ್ಟೋದಾದ್ರೆ ಸರಿಯಾಗೇ ಕಟ್ಬೇಕು."

ಆ ಆಟ ಹೇಗೋ ಮುಗಿಯಿತು. ಮುಂದಿನದಕ್ಕೆ ಸಣ್ಣ ಕಂದಾಯ ತಮ್ಮನದು. ಅವನು ತಲೆ ಎತ್ತದೆ ಗಡಗಡ ಅನ್ನುವ ಕಾಯಿಯೊಂದನ್ನು ಇಟ್ಟ. ದೊಡ್ಡ ಕಂದಾಯ ನನ್ನದು. ಎರಡು ಕಾಯಿ. ನನ್ನ ಮುಂದೆ ಈಗ ಬಹುಪಾಲು ಒಳ್ಳೆಯವೇ ಇದ್ದವು, ಕೆಟ್ಟವು ಆಗಲೇ ಅಳಿಯನ ಕಡೆ ಹೋಗಿದ್ದವು. ಮಗಳು ನನ್ನ ಕೈಯನ್ನೇ ನೋಡುತ್ತಿದ್ದಳು. ಒಂದು ಒಳ್ಳೆಯ ಕಾಯಿ ಎತ್ತಿ ಇಟ್ಟೆ. ಎದೆ ಹಗುರಾಯಿತು. ಎರಡನೆಯದಕ್ಕೆ ಕೈ ಹೋಯಿತು, ನನ್ನ ಕೈ ನನಗಿಂತ ಹಳೆಯದು, ಅದು ಮತ್ತೆ ಕೆಟ್ಟದ್ದನ್ನೇ ಎತ್ತಿತ್ತು. ಇಡುವಾಗ ಅದು ಲೊಳಕ್ ಎಂದಿತು. ಒಂದು ಮರ್ಯಾದೆಗೆ, ಒಂದು ಅಭ್ಯಾಸಕ್ಕೆ. ನನ್ನ ಧೈರ್ಯದ ಅಳತೆ ಯಾವಾಗಲೂ ಇಷ್ಟೇ, ಅರ್ಧ.

ಅಳಿಯನ ಮುಖ ಅರಳಿತು. "ಮಾವ, ಇದ್ರಲ್ಲಿ ನೀರಿದೆ. ಫ್ರೆಶ್ ಇರ್ಬೇಕು ಇದು."

ತಮ್ಮ ಕೆಮ್ಮಿದ. ಹೆಂಡತಿ ಕಾಫಿಗೆ ಹಾಲಿಡಲು ಎದ್ದು ಹೋದಳು. ಆ ಆಟವನ್ನೂ ಅಳಿಯನೇ ಗೆದ್ದರು. ಆ ಕಾಯಿಯನ್ನು ಬೇರೆಯಾಗಿ ಎತ್ತಿಟ್ಟುಕೊಂಡು, "ಇದು ನಮ್ಮಮ್ಮಂಗೆ," ಎಂದರು. ಕಾಫಿ ಕುಡಿದ ಮೇಲೆ ಚೀಲದಿಂದ ಮಾತ್ರೆ ಪೊಟ್ಟಣದ ಮೇಲೆ ಬರೆಯುವ ಪೆನ್ನು ತೆಗೆದು, ಗೆದ್ದ ಒಂದೊಂದು ಕಾಯಿಯ ಮೇಲೂ ಆ ದಿನದ ತಾರೀಖು ಬರೆದರು. "ಅಭ್ಯಾಸ ಮಾವ. ಡೇಟ್ ಹಾಕ್ದೆ ಇಟ್ರೆ ಸಮಾಧಾನ ಇರಲ್ಲ." ನನಗೆ ಅಭ್ಯಾಸದ ಬಗ್ಗೆ ಮಾತಾಡುವ ಯೋಗ್ಯತೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಳಿಯ ಸ್ನಾನಕ್ಕೆ ಹೋಗಿದ್ದಾಗ ನಾನು ಮೂಲೆಯ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಒಳ್ಳೆಯ ಕಾಯಿ ಆರಿಸುತ್ತಿದ್ದೆ. ಅವರು ಗೆದ್ದ ಕಾಯಿ ತುಂಬಿಟ್ಟಿದ್ದ ಚೀಲ ಖಾಲಿ ಮಾಡಿ ಇವನ್ನು ತುಂಬಿಬಿಡುವ ಯೋಚನೆ. ಮಗಳು ಬಂದು ಹಿಂದೆ ನಿಂತಳು.

"ಏನ್ ಮಾಡ್ತಿದೀರಪ್ಪಾಜಿ?"

"ಬದಲಾಯಿಸ್ತಿದೀನಿ ಕಣವ್ವ."

"ಡೇಟು ಹಾಕವ್ರೆ ಅವಕ್ಕೆ. ಇವಕ್ಕೂ ನೀವೇ ಬರೀತೀರಾ?"

ಬರೆಯಬಹುದೆಂಬ ಯೋಚನೆ ನನಗೆ ಆಗಲೇ ಬಂದಿತ್ತು ಎಂಬುದನ್ನು ಅವಳ ಮುಂದೆ ಹೇಳಲಿಲ್ಲ.

"ನೀವು ಹೇಳ್ಬುಡಿ ಅವ್ರಿಗೆ," ಎಂದಳು. "ನಾನೇ ಹೇಳ್ತಿದ್ದೆ. ಆದ್ರೆ ನಮ್ಮಪ್ಪನ ಮನೆಯೋರು ಹಿಂಗೆ ಅಂತ ನನ್ನ ಬಾಯಲ್ಲೇ ಬರ್ಬೇಕಾ? ಹೇಳ್ದೆ ಹೋದ್ರೆ ಅಲ್ಲಿ ಅತ್ತೆ ಒಡೀತಾರೆ. ಏನೂ ಅನ್ನಲ್ಲ ಅವ್ರು."

ಏನೂ ಅನ್ನುವುದಿಲ್ಲ. ನನಗೆ ಅದು ಗೊತ್ತಿತ್ತು.

ಅಳಿಯ ತಲೆ ಒರೆಸಿಕೊಳ್ಳುತ್ತಾ ಜಗುಲಿಗೆ ಬಂದರು. ನಾನು ಬಿಸಿಲಿನ ಬಗ್ಗೆ ಮಾತಾಡಿದೆ. ಬಸ್ಸಿನ ಬಗ್ಗೆ ಮಾತಾಡಿದೆ. ಅವರ ತಂದೆಯ ಮಂಡಿನೋವಿನ ಬಗ್ಗೆ ವಿಚಾರಿಸಿದೆ. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದಳು. ಮಂಡಿನೋವೂ ಮುಗಿದ ಮೇಲೆ ಮಚ್ಚು ತಂದು, ಅವರು ತಾಯಿಗೆಂದು ಎತ್ತಿಟ್ಟಿದ್ದ ಕಾಯಿಯನ್ನು ಚೀಲದಿಂದ ತೆಗೆದು, "ಒಂದು ಒಡೆದು ನೋಡನ," ಎಂದೆ.

"ಬೇಡ ಮಾವ, ಅದು ಹಂಗೇ..."

ಒಡೆದೆ. ಬೂದುಬಣ್ಣದ ನೀರು ಜಗುಲಿಯ ಮೇಲೆ ಹರಿಯಿತು. ವಾಸನೆಗೆ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಆದರೂ ನನಗೇ ಸಮಾಧಾನ ಹೇಳಿದರು. "ಒಂದು ಹೋದ್ರೆ ಹೋಯ್ತು ಬಿಡಿ ಮಾವ. ಬೇಕಾದಷ್ಟಿದೆಯಲ್ಲ."

ಕಾಯಿ ನನ್ನ ಪರವಾಗಿ ಹೇಳಲಿಲ್ಲ. ನಾನೇ ಹೇಳಬೇಕಾಯಿತು.

"ಒಂದಲ್ಲ," ಎಂದೆ. "ಸುಮಾರು ಹಿಂಗೇ ಇರ್ತವೆ. ಅಲ್ಲಾಡಿಸಿದ್ರೆ ನಮಗೆ ಗೊತ್ತಾಗುತ್ತೆ. ಕಂದಾಯಕ್ಕೆ ಅಂತ ಕೆಟ್ಟವನ್ನೇ ಆರಿಸಿ ಹಾಕ್ತಿದ್ವಿ. ಮೊದಲು ಹಾಕ್ದೋನು ನಾನು."

ಅವರು ನನ್ನನ್ನು ನೋಡಲಿಲ್ಲ. ಬಾಗಿಲಲ್ಲಿದ್ದ ನನ್ನ ಮಗಳನ್ನು ನೋಡಿದರು. "ನಿಂಗೆ ಗೊತ್ತಿತ್ತಾ?"

"ನಡುವೆ ಬಂದು ಕೂತಾಗ ಗೊತ್ತಾಯ್ತು."

"ಅದಕ್ಕೇ ನನ್ನ ಕಾಯಿ ಬದಲಾಯಿಸಿದ್ದಾ?"

ಅವಳು ಹೂಂ ಎಂದಳು. ಅವರು ಚೀಲದಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು, ಯಾವ ಕಡೆ ಅಲ್ಲಾಡಿಸಬೇಕೆಂದು ತಿಳಿಯದೆ ಅವಳಿಗೆ ಕೊಟ್ಟರು. ಇಬ್ಬರೂ ಜಗುಲಿಯ ಮೇಲೆ ಕುಳಿತರು. ಅವಳು ಅಲ್ಲಾಡಿಸುವಳು, ಅವರಿಗೆ ಕೊಡುವಳು, ಅವರು ಅಲ್ಲಾಡಿಸಿ ತಲೆದೂಗುವರು. ಕೆಟ್ಟವು ಒಂದು ಕಡೆ, ಒಳ್ಳೆಯವು ಒಂದು ಕಡೆ. ನಾನು ಮಚ್ಚು ಹಿಡಿದುಕೊಂಡು, ನನ್ನದೇ ಜಗುಲಿಯಲ್ಲಿ, ಬೇರೆ ಯಾರದೋ ಮನೆಗೆ ಬಂದವನಂತೆ ನಿಂತಿದ್ದೆ. ಒಳ್ಳೆಯವು ಒಂದು ಸಣ್ಣ ಬಟ್ಟೆ ಚೀಲಕ್ಕಾಗುವಷ್ಟು ಉಳಿದವು. ನಾನು ಆರಿಸಿಟ್ಟಿದ್ದನ್ನು ತಂದು ಮುಂದಿಟ್ಟೆ.

"ಬೇಡ ಮಾವ," ಎಂದರು. "ಗೆದ್ದಿದ್ದು ಇಷ್ಟೇ." ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಬೈಸಿಕೊಳ್ಳುವ ಅನುಕೂಲವಾದರೂ ಇರುತ್ತಿತ್ತು. ಮತ್ತೆ ಒತ್ತಾಯಿಸಿದೆ, ಮತ್ತೆ ಬೇಡವೆಂದರು.

ಮೈಸೂರು ಬಸ್ಸಿಗೆಂದು ಅವರನ್ನು ಕಾರಿನಲ್ಲಿ ಕಿಬ್ಬನಹಳ್ಳಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಎರಡೂ ಕಡೆ ತೆಂಗಿನ ತೋಟ, ಯಾರೂ ಅದರ ಮಾತೆತ್ತಲಿಲ್ಲ. ಬಸ್ಸು ಇನ್ನೂ ಬಂದಿರಲಿಲ್ಲ. ಅಳಿಯ ಸುತ್ತ ನೋಡಿ, ರಸ್ತೆ ಬದಿಯ ಅಂಗಡಿಯೊಂದಕ್ಕೆ ಹೋಗಿ ಉಂಡೆ ಕೊಬ್ಬರಿ ತೂಗಲು ಹೇಳಿದರು. ನಾನು ಹಿಂದೆಯೇ ಓಡಿ ಜೇಬಿಗೆ ಕೈ ಹಾಕುವಷ್ಟರಲ್ಲಿ ಅವರು ಫೋನು ತೋರಿಸಿ ಹಣ ಕಟ್ಟಿಯಾಗಿತ್ತು.

ಅಂಗಡಿಯವನು ಗುರುತಿನವನು, ನನ್ನಲ್ಲೇ ಪಾಲಿಸಿ ಮಾಡಿಸಿದವನು. ನನ್ನನ್ನು ನೋಡಿ ಅವನಿಗೆ ಖುಷಿಯಾಯಿತು.

"ಏನ್ ಸಾ, ತ್ವಾಟ ಮಾರ್ಬುಟ್ರಾ? ಅಳಿಯಂದ್ರಿಗೆ ಅಂಗಡೀಲಿ ಕೊಬ್ಬರಿ ತಕ್ಕೊಡ್ತಿದೀರಿ."

ಅಳಿಯ ತಿರುಗಿ ನೋಡದೆಯೇ ಹೇಳಿದರು: "ಮಾವನ ಮನೇಲಿ ರಾಶಿ ಇದೆ. ಇನ್ನೂ ಒಣಗಿಲ್ಲ. ನಮ್ಮಮ್ಮಂಗೆ ಅರ್ಜೆಂಟು, ಅದಕ್ಕೆ."

"ಇನ್ನೂ ನೀರಾಡ್ತಾವಾ ಸಾ?" ಎಂದು ಅಂಗಡಿಯವನು ನನ್ನನ್ನು ಕೇಳಿದ.

"ಹೂಂ ಕಣಪ್ಪ," ಎಂದೆ. "ಇನ್ನೊಂದು ತಿಂಗ್ಳು ಬೇಕು."

ಬಸ್ಸು ಬರುವುದು ಕಾಣಿಸಿತು. ಮಗಳು ಅಂಗಡಿಯ ಕವರನ್ನು ಗಂಡನ ಕೈಯಿಂದ ತೆಗೆದುಕೊಂಡಳು. ಅವರು ನಮ್ಮ ಮನೆಯ ಬಟ್ಟೆ ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು. ಅವಳು ಕೊಬ್ಬರಿಯನ್ನೆಲ್ಲ ಅದಕ್ಕೆ ಸುರಿದಳು, ನಾನು ನೋಡುತ್ತಿದ್ದ ಹಾಗೆಯೇ. ಅಂಗಡಿಯ ಹೆಸರಿದ್ದ ಖಾಲಿ ಕವರನ್ನು ನಾಲ್ಕಾಗಿ ಮಡಚಿ ನನ್ನ ಕೈಗೆ ಕೊಟ್ಟಳು.

"ಇದು ಅಲ್ಲಿಗೆ ಬೇಡ ಅಪ್ಪಾಜಿ," ಎಂದು ಹೇಳಿ ಬಸ್ಸು ಹತ್ತಿದಳು.